‘ಅಗತ್ಯ’ವೆಂಬ ಪದ: ಮೂಲವೂ ಅರ್ಥವೂ

ನುಡಿ ಶುದ್ಧವಾಗದೆ ನಡೆ ಶುದ್ಧವಾಗದು ಎಂಬುದು ಶರಣಧರ್ಮದ ತಳಹದಿಗಳಲ್ಲೊಂದು. ಆಡಿದ ಮಾತಿಗೂ ಬಾಳಿದ ಬಾಳಿಗೂ ನಡುವೆ ಬಿರುಕು ಬೀಳದಂತೆ ನೋಡಿಕೊಳ್ಳುವುದನ್ನು 12ನೆಯ ಶತಮಾನದ ಶಿವಶರಣರು ತಮ್ಮ ಸಾಧನೆಯ ಮುಖ್ಯ ಅಂಗವಾಗಿ ಎಣಿಸಿದ್ದರು. ಆದುದರಿಂದ ಪದವೊಂದರ ಅರ್ಥವನ್ನು ವಿಚಾರಿಸುವುದು ಕೇವಲ ಪಂಡಿತರ ಕೆಲಸವಲ್ಲ. ಮನೆವಾರ್ತೆ ನಡೆಸುವ ಭಕ್ತನಿಗೂ ಅದು ಒಂದು ಸಾಧನೆಯೇ ಆಗಿದೆ.

ಸಂತೆಯಲ್ಲಿ ಕೈಯಿಂದ ಕೈಗೆ ಹೋದ ನಾಣ್ಯದ ಮುದ್ರೆ ಸವೆಯುವಂತೆ, ನಿತ್ಯದ ಬಳಕೆಯಲ್ಲಿ ಪದಗಳ ಅರ್ಥವೂ ಸವೆಯುವುದು. ಹಾಗೆ ಸವೆದ ಪದಗಳಲ್ಲಿ ‘ಅಗತ್ಯ’ವೆಂಬುದು ಒಂದು. ರೋಗಿಗೆ ಔಷಧ ಅಗತ್ಯ, ಮಗುವಿಗೆ ಹಾಲು ಅಗತ್ಯ ಎಂಬಲ್ಲಿ ಬರುವ ಪದವೇ, ಹಳೆಯ ವಾಹನ ಚೆನ್ನಾಗಿ ನಡೆಯುತ್ತಿರುವಾಗ ಹೊಸ ವಾಹನ ಅಗತ್ಯ, ನೆರೆಮನೆಯವರು ಕಟ್ಟಿಸಿದರೆಂದು ತಮಗೂ ಮಹಡಿ ಅಗತ್ಯ ಎಂಬಲ್ಲಿಯೂ ಬರುತ್ತದೆ. ಒಂದೇ ಪದ ಎರಡು ಕಡೆಯೂ ನಿಂತಾಗ, ಎರಡೂ ಒಂದೇ ತೂಕದವೆಂಬ ಭ್ರಮೆ ಆಡುವವನಿಗೂ ಕೇಳುವವನಿಗೂ ಉಂಟಾಗುವುದು. ಈ ಭ್ರಮೆಯಿಂದ ಸಾಲ ಬೆಳೆಯುವುದು, ಮನೆಯ ನೆಮ್ಮದಿ ಕೆಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ನಿಜವಾದ ಅಗತ್ಯದಿಂದ ಬಾಗಿಲಿಗೆ ಬಂದವನ ಮಾತು ಕಿವಿಗೆ ಬೀಳದೆ ಹೋಗುವುದು. ಆದಕಾರಣ ಈ ಪದ ಎಲ್ಲಿಂದ ಬಂದಿತು, ಅದರ ಒಡಲಲ್ಲಿರುವ ಅರ್ಥವೇನು, ಶರಣರ ಬಾಳಿನ ಬೆಳಕಿನಲ್ಲಿ ಅದನ್ನು ಹೇಗೆ ಬಳಸತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಪದದ ರಚನೆ

‘ಅಗತ್ಯ’ಕ್ಕೆ ಮೂಲ ಸಂಸ್ಕೃತದ ‘ಗತಿ’ ಶಬ್ದ. ‘ಹೋಗು’ ಎಂಬರ್ಥದ ‘ಗಮ್’ ಧಾತುವಿಗೆ ‘ಕ್ತಿನ್’ ಪ್ರತ್ಯಯ ಸೇರಿ, ಧಾತುವಿನ ಮಕಾರ ಲೋಪಿಸಿ, ‘ಗತಿ’ ಎಂಬ ಸ್ತ್ರೀಲಿಂಗ ಶಬ್ದ ಸಿದ್ಧಿಸುತ್ತದೆ. ಹೋಗುವಿಕೆ ಎಂಬುದು ಇದರ ಮೊದಲ ಅರ್ಥ. ಅಲ್ಲಿಂದ ಹೋಗುವ ದಾರಿ, ದಾರಿಯಿಂದ ಉಪಾಯ, ಉಪಾಯದಿಂದ ಆಶ್ರಯ, ಕೊನೆಗೆ ಹೋಗಿ ಸೇರುವ ನೆಲೆ ಎಂದು ಅರ್ಥ ಬೆಳೆದಿದೆ. ಸದ್ಗತಿ, ದುರ್ಗತಿ, ಅಧೋಗತಿ, ಪರಮಗತಿ ಎಂಬ ಪದಗಳಲ್ಲಿ ಕೊನೆಯ ಅರ್ಥವಿದೆ. ‘ಇನ್ನೇನು ಗತಿ?’ ಎಂದು ಕಷ್ಟದಲ್ಲಿದ್ದವನು ಕೇಳುವಾಗ ಉಪಾಯ, ಆಶ್ರಯ ಎಂಬ ನಡುವಣ ಅರ್ಥಗಳಿವೆ. ಗಮನಾರ್ಥದ ಧಾತುಗಳಿಗೆ ಜ್ಞಾನಾರ್ಥವೂ ಉಂಟೆಂದು ಸಂಪ್ರದಾಯಜ್ಞರು ಹೇಳುವರು. ಅದರಂತೆ ‘ಗತಿ’ಯೆಂದರೆ ತಿಳಿವಳಿಕೆಯೂ ಹೌದು. ದಾರಿ ಇರುವುದು ಬೇರೆ, ದಾರಿ ತಿಳಿದಿರುವುದು ಬೇರೆ. ಈ ಒಂದೇ ಶಬ್ದ ಎರಡನ್ನೂ ಒಳಗೊಂಡಿದೆ.

‘ಗತಿ’ಗೆ ಮುಂದೆ ನಿಷೇಧಾರ್ಥದ ‘ಅ’ಕಾರ ಬಂದು ನಞ್ ಸಮಾಸವಾದರೆ ‘ಅಗತಿ’, ಎಂದರೆ ದಾರಿಯಿಲ್ಲದಿರುವಿಕೆ. ‘ಮತಿ’ ಶಬ್ದದ ರೂಪಗಳನ್ನು ಕಂಠಪಾಠ ಮಾಡಿದವರಿಗೆ ಇದರ ತೃತೀಯಾ ವಿಭಕ್ತಿಯ ಏಕವಚನ ಸುಲಭವಾಗಿ ತಿಳಿಯುವುದು: ‘ಮತಿ’ಗೆ ‘ಮತ್ಯಾ’ ಆಗುವಂತೆ ‘ಅಗತಿ’ಗೆ ‘ಅಗತ್ಯಾ’. ‘ಬೇರೆ ದಾರಿಯಿಲ್ಲದಿರುವುದರಿಂದ’ ಎಂಬುದು ಇದರ ಅರ್ಥ. ಶಾಸ್ತ್ರಗ್ರಂಥಗಳ ವ್ಯಾಖ್ಯಾನಕಾರರು, ಸುಲಭವಾದ ಅರ್ಥ ಹೊಂದದೆ ಹೋದಾಗ, ಮತ್ತೊಂದು ಉಪಾಯ ಕಾಣದೆ ಕ್ಲಿಷ್ಟವಾದುದನ್ನು ಅಂಗೀಕರಿಸಬೇಕಾದ ಕಡೆ ಈ ರೂಪವನ್ನು ಬಳಸುತ್ತಾರೆ. ಯಾಜ್ಞವಲ್ಕ್ಯಸ್ಮೃತಿಯ ರಾಜಧರ್ಮದ ಭಾಗದಲ್ಲಿ ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳನ್ನು ಹೇಳಿ, ದಂಡವನ್ನು ಮಾತ್ರ ‘ಅಗತಿಕ’ ಎಂಬ ವಿಶೇಷಣದಿಂದ ಗುರುತಿಸಿದೆ. ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ ಮಾತ್ರ ತುಳಿಯತಕ್ಕ ದಾರಿ ಅದು ಎಂಬುದು ಅಲ್ಲಿಯ ಅಭಿಪ್ರಾಯ.

ಈ ‘ಅಗತ್ಯಾ’ ಎಂಬುದೇ ಅಂತ್ಯಸ್ವರ ಹ್ರಸ್ವವಾಗಿ ಕನ್ನಡದಲ್ಲಿ ‘ಅಗತ್ಯ’ವಾಯಿತು. ತೆಲುಗಿನಲ್ಲಿ ಇದು ‘ಅಗತ್ಯಮು’ ಎಂದಾಗಿದೆ; ತಮಿಳಿನಲ್ಲಿಯೂ ಇದೇ ಮೂಲದ ಪದ ಆವಶ್ಯಕತೆಯ ಅರ್ಥದಲ್ಲಿದೆ. ಕನ್ನಡದಲ್ಲಿ ‘ಗತ್ಯಂತರವಿಲ್ಲ’ ಎಂಬ ಮತ್ತೊಂದು ಪ್ರಯೋಗವೂ ಬಳಕೆಯಲ್ಲಿದೆ. ಗತಿ ಮತ್ತು ಅಂತರ ಎಂಬೆರಡು ಶಬ್ದಗಳು ಸೇರಿ ‘ಬೇರೊಂದು ದಾರಿ’ ಎಂದಾಗುವುದು. ಅದಿಲ್ಲವೆಂದರೆ ‘ಅಗತ್ಯ’ದ ಅರ್ಥವೇ ಬಿಡಿಸಿ ಹೇಳಿದಂತಾಗುವುದು. ‘ಗತ್ಯಂತರವಿಲ್ಲ’ ಎಂದು ಹೇಳಲು ಜನರು ಈಗಲೂ ಸ್ವಲ್ಪ ಹಿಂಜರಿಯುತ್ತಾರೆ; ‘ಅಗತ್ಯ’ ಎನ್ನಲು ಹಿಂಜರಿಯುವುದಿಲ್ಲ. ಎರಡೂ ಒಂದೇ ಮಾತು ಎಂಬುದು ಮರೆತುಹೋಗಿದೆ.

ಅಭ್ಯಾಸಿಗಳು ಇಲ್ಲಿ ಎರಡು ಎಚ್ಚರಿಕೆಗಳನ್ನು ಗಮನಿಸತಕ್ಕದ್ದು. ‘ಆಗತ್ಯ’ ಎಂದು ಮೊದಲ ಅಕ್ಷರವನ್ನು ದೀರ್ಘ ಮಾಡಿದರೆ ಸಂಸ್ಕೃತದಲ್ಲಿ ‘ಬಂದು’ ಎಂಬ ಬೇರೆಯೇ ಅರ್ಥವಾಗುವುದು. ಆದುದರಿಂದ ಹ್ರಸ್ವವೇ ಸಾಧು. ಮತ್ತು ‘ಅಗತ್ಯ’ವು ಕನ್ನಡದಲ್ಲಿ ತಾನೇ ಭಾವವಾಚಕವಾಗಿಯೂ ನಡೆಯುವುದರಿಂದ, ಅದಕ್ಕೆ ‘ತೆ’ ಸೇರಿಸಿ ‘ಅಗತ್ಯತೆ’ ಎನ್ನುವುದು ಅನಾವಶ್ಯಕ.

ಅರ್ಥ ಜಾರಿದ ಬಗೆ

‘ದಾರಿಯಿಲ್ಲದಿರುವುದರಿಂದ’ ಎಂಬ ಮಾತು ‘ಬೇಕಾದ ವಸ್ತು’ ಎಂಬ ಅರ್ಥಕ್ಕೆ ಬಂದುದು ಹೇಗೆ? ಮೂರು ಮೆಟ್ಟಿಲುಗಳಲ್ಲಿ ಇದನ್ನು ಕಾಣಬಹುದು. ಮೊದಲನೆಯದರಲ್ಲಿ ಪದವು ಮನುಷ್ಯನನ್ನು ಕುರಿತದ್ದು: ಅವನಿಗೆ ಗತಿಯಿಲ್ಲ. ಎರಡನೆಯದರಲ್ಲಿ ಅದು ಅವನ ಕ್ರಿಯೆಯನ್ನು ಕುರಿತದ್ದು: ಗತಿಯಿಲ್ಲದೆ ಅವನು ಇದನ್ನು ಮಾಡಿದನು. ಮೂರನೆಯದರಲ್ಲಿ ಅದು ವಸ್ತುವನ್ನು ಕುರಿತದ್ದು: ಯಾವುದು ಇಲ್ಲದಿದ್ದರೆ ಗತಿಯಿಲ್ಲವೋ ಅದು ಅಗತ್ಯ.

ಪದಗಳ ಅರ್ಥ ಹೀಗೆ ಜಾರುವುದು ಭಾಷೆಯ ಸ್ವಭಾವ, ಅದರಲ್ಲಿ ದೋಷವಿಲ್ಲ. ಆದರೆ ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮನುಷ್ಯನು ಪದದೊಳಗಿಂದ ಮರೆಯಾದನು, ವಸ್ತುವೊಂದೇ ಉಳಿಯಿತು. ‘ಬಂಗಾರ ಅಗತ್ಯ’ ಎಂದಾಗ ಯಾರಿಗೆ, ಯಾವ ದಾರಿ ಮುಚ್ಚಿದ್ದರಿಂದ ಎಂಬ ಪ್ರಶ್ನೆ ಏಳುವುದೇ ಇಲ್ಲ. ವಸ್ತುವನ್ನು ಕಂಡ ಮಾತ್ರಕ್ಕೆ ಅದಕ್ಕೆ ಅಗತ್ಯವೆಂಬ ಹೆಸರು ಅಂಟುವುದು. ಮರೆಯಾದ ಆ ಮನುಷ್ಯನನ್ನು ಪದದೊಳಕ್ಕೆ ಮರಳಿ ಕರೆತರುವುದೇ ಈ ಅರ್ಥವಿಚಾರದ ಪ್ರಯೋಜನ.

ನೆರೆಯ ಪದಗಳು

ಒಂದು ಪದದ ಎಲ್ಲೆ ತಿಳಿಯಬೇಕಾದರೆ ಅದರ ನೆರೆಹೊರೆಯನ್ನೂ ನೋಡಬೇಕು. ಕನ್ನಡಿಗನ ನಾಲಗೆಯ ಮೇಲೆ ಇದೇ ಪ್ರಸಂಗದಲ್ಲಿ ಬರುವ ಪದಗಳು ಇನ್ನೂ ನಾಲ್ಕು ಇವೆ: ಬೇಕು, ತುರ್ತು, ಜರೂರು, ಆವಶ್ಯಕ.

‘ಬೇಕು’ ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ಇದಕ್ಕೆ ‘ಬೇೞ್ಕುಂ’, ‘ಬೇಕುಂ’ ಎಂಬ ರೂಪಗಳಿವೆ. ‘ಬೇಡು’ ಎಂಬ ಕ್ರಿಯಾಪದವೂ ಇದೇ ಕುಲಕ್ಕೆ ಸೇರಿದುದು. ತಮಿಳಿನ ‘ವೇಂಡುಂ’, ತೆಲುಗಿನ ‘ವೇಡು’ ಇವುಗಳ ಬಳಗ. ಎಂದರೆ ‘ಬೇಕು’ ಎಂಬುದರ ಬೇರಿನಲ್ಲಿ ಬೇಡುವಿಕೆ ಇದೆ, ಬಯಕೆ ಇದೆ. ಬಯಕೆ ಒಳ್ಳೆಯದೂ ಆಗಿರಬಹುದು, ಕೆಟ್ಟದೂ ಆಗಿರಬಹುದು. ಆದರೆ ಅದು ಬಯಸುವವನಿಂದ ಹೊರಟುದೇ ಹೊರತು ಹೊರಗಿನಿಂದ ಒತ್ತಿ ಬಂದುದಲ್ಲ.

‘ತುರ್ತು’ ಮರಾಠಿಯ ನೆರೆಯಿಂದ ಬಂದು ಸೇರಿದ ಪದ. ಅದು ‘ತ್ವರೆ’ಯ ಸಂಬಂಧಿ. ಅದು ಕಾಲವನ್ನು ಮಾತ್ರ ಹೇಳುವುದು. ತುರ್ತಾದುದೆಲ್ಲ ದೊಡ್ಡದಲ್ಲ, ದೊಡ್ಡದಾದುದೆಲ್ಲ ತುರ್ತಲ್ಲ.

‘ಜರೂರು’ ಅರಬ್ಬಿ ಮೂಲದ್ದು. ಪಾರಸಿಯ ಮೂಲಕ, ಆಡಳಿತದ ಬಳಕೆಯಲ್ಲಿ ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಇಳಿದು ಬಂದಿತು. ಅರಬ್ಬಿಯಲ್ಲಿ ಇದರ ಧಾತುವಿಗೆ ಹಾನಿ, ಕಷ್ಟ ಎಂಬರ್ಥವಿದೆ. ಯಾವುದು ದೊರೆಯದಿದ್ದರೆ ಹಾನಿಯಾಗುವುದೋ ಅದು ಜರೂರು. ಪ್ರಾಣಕ್ಕೇ ಹಾನಿ ಬಂದಾಗ ನಿಷಿದ್ಧವಾದುದೂ ಸಮ್ಮತವಾಗಬಹುದೆಂದು ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಈ ಪದವನ್ನಾಧರಿಸಿಯೇ ವಿಚಾರ ಮಾಡಿದ್ದಾರೆ. ಸಂಸ್ಕೃತದ ಧರ್ಮಗ್ರಂಥಗಳಲ್ಲಿ ಆಪದ್ಧರ್ಮವೆಂದು ಹೇಳಿರುವುದು ಇದಕ್ಕೆ ಸಮೀಪವಾದುದು.

‘ಆವಶ್ಯಕ’ ಸಂಸ್ಕೃತದ್ದು. ‘ವಶ್ಯ’ವೆಂದರೆ ವಶಕ್ಕೆ ಬರತಕ್ಕದ್ದು, ‘ಅವಶ್ಯ’ವೆಂದರೆ ಮನುಷ್ಯನ ಇಚ್ಛೆಗೆ ವಶವಾಗದುದು, ಆಗಿಯೇ ತೀರುವುದು. ಅದರಿಂದ ‘ಆವಶ್ಯಕ’ ಸಿದ್ಧಿಸುವಾಗ ಆದಿಸ್ವರಕ್ಕೆ ವೃದ್ಧಿ ಬರುವುದರಿಂದ ದೀರ್ಘವೇ ಶುದ್ಧ ರೂಪ. ‘ಅವಶ್ಯಕ’ವೆಂಬ ಹ್ರಸ್ವರೂಪ ಬಳಕೆಯ ಬಲದಿಂದ ನಿಂತಿದೆ. ಪಾಣಿನಿ ಮಹರ್ಷಿಯ ಅಷ್ಟಾಧ್ಯಾಯಿಯಲ್ಲಿ, ಮೂರನೆಯ ಅಧ್ಯಾಯದ ಮೂರನೆಯ ಪಾದದ ಒಂದು ಸೂತ್ರದಲ್ಲಿ, ಆವಶ್ಯಕ ಮತ್ತು ಆಧಮರ್ಣ್ಯ ಎಂಬೆರಡು ಅರ್ಥಗಳಿಗೆ ಒಂದೇ ಪ್ರತ್ಯಯವನ್ನು ವಿಧಿಸಿದೆ. ಆಧಮರ್ಣ್ಯವೆಂದರೆ ಸಾಲಗಾರನಾಗಿರುವಿಕೆ. ಮಾಡಿಯೇ ತೀರಬೇಕಾದವನೂ ನೂರು ಹಣ ಕೊಟ್ಟು ತೀರಿಸಬೇಕಾದವನೂ ಒಂದೇ ಪ್ರತ್ಯಯದ ನೆರಳಿನಲ್ಲಿ ನಿಲ್ಲುವರು. ವೈಯಾಕರಣನಿಗೆ ಇದು ರೂಪಸಿದ್ಧಿಯ ವಿಷಯ ಮಾತ್ರ. ಆದರೆ ಸಂಸಾರಿಯಾದವನು ಇದರಿಂದ ಒಂದು ಪಾಠ ಕಲಿಯಬಹುದು: ಯಾವುದನ್ನು ಆವಶ್ಯಕವೆನ್ನುವನೋ ಅದಕ್ಕೆ ಅವನು ಸಾಲಗಾರನಾಗುವನು.

ಹೀಗೆ ಬೇಕು ಎಂಬುದು ಬಯಕೆಯನ್ನೂ, ತುರ್ತು ಕಾಲವನ್ನೂ, ಜರೂರು ಹಾನಿಯನ್ನೂ, ಆವಶ್ಯಕ ಇಚ್ಛೆಗೆ ಮೀರಿದ ಕಟ್ಟನ್ನೂ ಹೇಳುವುವು. ‘ಅಗತ್ಯ’ವೊಂದೇ ದಾರಿಯನ್ನು ಹೇಳುವುದು, ಅದೂ ದಾರಿಯಿಲ್ಲವೆಂದು ಹೇಳುವುದು. ಐದರಲ್ಲಿ ಅತ್ಯಂತ ಬಡವನ ಬಾಯಿಗೆ ಸಲ್ಲುವ ಪದ ಇದು.

ಶರಣರ ಅಳತೆ

ಶರಣರು ತಮ್ಮ ಬಾಳಿನಲ್ಲಿ ಈ ಬಯಕೆ, ಅಗತ್ಯಗಳನ್ನು ಹೇಗೆ ತೂಗಿದರು? ಮೂರು ನಿದರ್ಶನಗಳನ್ನು ನೋಡಬಹುದು.

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಕಾಯ್ದವರು. ಹೊನ್ನು ಅವರ ಕೈಕೆಳಗೇ ಇದ್ದಿತು. ಅಂಥವರು, ಹೊನ್ನಿನಲ್ಲಿ ಒಂದು ಒರೆಯಷ್ಟನ್ನಾಗಲಿ, ಬಟ್ಟೆಯಲ್ಲಿ ಒಂದು ಎಳೆಯಷ್ಟನ್ನಾಗಲಿ ಈ ದಿನಕ್ಕೆಂದೋ ನಾಳೆಗೆಂದೋ ತಮಗಾಗಿ ಬೇಕೆನ್ನುವುದಿಲ್ಲವೆಂದು ಆಣೆಯಿಟ್ಟು ಹೇಳಿದ ವಚನ ಪ್ರಸಿದ್ಧವಾಗಿದೆ. ಇಲ್ಲಿ ಅವರು ಅಗತ್ಯವನ್ನು ನಿರಾಕರಿಸಿಲ್ಲ. ‘ಬೇಕು’ ಎಂಬುದು ‘ಅಗತ್ಯ’ದ ವೇಷ ಹಾಕಿಕೊಂಡು ಬರುವ ಬಾಗಿಲನ್ನು ಮುಚ್ಚಿದ್ದಾರೆ. ಆ ವೇಷಕ್ಕೆ ಅತ್ಯಂತ ಅನುಕೂಲವಾದ ಮಾತು ‘ನಾಳೆಗೆ’ ಎಂಬುದು. ಇಂದಿನ ಹಸಿವಿಗೆ ಅಳತೆಯುಂಟು. ನಾಳೆಯ ಭಯಕ್ಕೆ ಅಳತೆಯಿಲ್ಲ.

ಅಕ್ಕಮಹಾದೇವಿಯವರು ಇನ್ನೊಂದು ವಚನದಲ್ಲಿ ದೇಹಧಾರಿಯ ಕೊರತೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಹಸಿವಿಗೆ ಊರುಗಳಲ್ಲಿ ಭಿಕ್ಷೆಯಿದೆ, ಬಾಯಾರಿಕೆಗೆ ಕೆರೆ ಹಳ್ಳ ಬಾವಿಗಳಿವೆ, ನಿದ್ದೆಗೆ ಹಾಳು ದೇಗುಲಗಳಿವೆ, ಆತ್ಮದ ಜೊತೆಗೆ ಚೆನ್ನಮಲ್ಲಿಕಾರ್ಜುನನೇ ಇದ್ದಾನೆ ಎಂಬುದು ಅದರ ತಾತ್ಪರ್ಯ. ಪದಾರ್ಥದ ದೃಷ್ಟಿಯಿಂದ ಇದನ್ನು ಓದಿದರೆ ಒಂದು ಸೂಕ್ಷ್ಮ ಹೊಳೆಯುವುದು. ಮೊದಲ ಮೂರು ಕೊರತೆಗಳಿಗೆ ಗತಿ ಒಂದಲ್ಲ, ಹಲವು. ಒಂದು ಊರಲ್ಲದಿದ್ದರೆ ಮತ್ತೊಂದು ಊರು; ಕೆರೆಯಲ್ಲದಿದ್ದರೆ ಹಳ್ಳ, ಹಳ್ಳವಲ್ಲದಿದ್ದರೆ ಬಾವಿ. ನಾಲ್ಕನೆಯದಕ್ಕೆ ಮಾತ್ರ ಗತಿ ಒಂದೇ. ಪದದ ಕಟ್ಟುನಿಟ್ಟಾದ ಅರ್ಥದಲ್ಲಿ ಅಕ್ಕನಿಗೆ ‘ಅಗತ್ಯ’ವಾದುದು ಅದೊಂದೇ, ಉಳಿದವು ದೇಹದ ಬೇಡಿಕೆಗಳು. ಮಕ್ಕಳುಮರಿಗಳನ್ನು ಸಾಕುವ ಗೃಹಸ್ಥನು ಅಕ್ಕನಂತೆ ಹಾಳುಗುಡಿಯಲ್ಲಿ ಮಲಗಬೇಕೆಂದು ಇದರಿಂದ ಹೇಳಿದಂತಾಗಲಿಲ್ಲ. ಒಂದೇ ದಾರಿಯುಳ್ಳದ್ದು ಯಾವುದು, ಹಲವು ದಾರಿಗಳುಳ್ಳದ್ದು ಯಾವುದು ಎಂದು ವಿಂಗಡಿಸುವ ಕ್ರಮವನ್ನು ಮಾತ್ರ ಅವನು ಇಲ್ಲಿ ಕಲಿಯತಕ್ಕದ್ದು.

ಗೃಹಸ್ಥರಿಗೆ ನೇರವಾಗಿ ಸಲ್ಲುವ ನಿದರ್ಶನ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಬಸವಣ್ಣನವರು ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಲು, ಮಾರಯ್ಯನವರು ಅದೆಲ್ಲವನ್ನೂ ಆಯ್ದು ತಂದರೆಂದೂ, ಲಕ್ಕಮ್ಮನವರು ಎಂದಿಗಿಂತ ಹೆಚ್ಚಾದುದನ್ನು ಕಂಡು, ಆಸೆ ಅರಸರಿಗೆ ಸಲ್ಲುವುದೇ ಹೊರತು ಶಿವಭಕ್ತರಿಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಚೆಲ್ಲಿಬರುವಂತೆ ಮಾಡಿದರೆಂದೂ ಐತಿಹ್ಯವಿದೆ.

ಈ ಕಥೆಯಲ್ಲಿ ಗಮನಿಸಬೇಕಾದುದು ಅಕ್ಕಿಯ ಪ್ರಮಾಣವಲ್ಲ. ಮಾರಯ್ಯನವರು ಕದ್ದು ತಂದಿರಲಿಲ್ಲ, ಬಿದ್ದುದನ್ನೇ ಆಯ್ದಿದ್ದರು. ತಮಗೆಂದು ಕೂಡಿಡಲೂ ಅಲ್ಲ, ದಾಸೋಹಕ್ಕೇ ತಂದಿದ್ದರು. ಆದರೂ ಅದು ಅಂದಿನ ಅಗತ್ಯಕ್ಕೆ ಮೀರಿದುದೆಂದು ಲಕ್ಕಮ್ಮನವರು ಕಂಡರು. ಧರ್ಮಕಾರ್ಯದ ಹೆಸರಿನಲ್ಲಿಯೂ ಹೆಚ್ಚಿನದನ್ನು ಅಗತ್ಯವೆನ್ನಬಾರದು ಎಂಬುದು ಅವರ ನಿಲುವು. ಮತ್ತೊಂದು ವಿಶೇಷವೆಂದರೆ, ಅಳತೆ ತಪ್ಪಿದುದು ಹೊರಗೆ ದುಡಿಯುವವನ ಕಣ್ಣಿಗೆ ಬೀಳಲಿಲ್ಲ. ಒಲೆಯ ಮುಂದೆ ನಿತ್ಯವೂ ಅಕ್ಕಿಯನ್ನಳೆಯುವ ಗೃಹಿಣಿಯ ಕಣ್ಣಿಗೆ ಬಿದ್ದಿತು.

ಗೃಹಸ್ಥನ ಮನೆಯಲ್ಲಿ

ಈ ವಿಚಾರ ಇಂದಿನ ಮನೆಯಲ್ಲಿ ಹೇಗೆ ಉಪಯೋಗಕ್ಕೆ ಬರುವುದೆಂಬುದಕ್ಕೆ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಗೃಹಸ್ಥನು ಮಗಳ ಮದುವೆಯ ಪಟ್ಟಿಯನ್ನು ಬರೆಯುತ್ತ ಕುಳಿತಿದ್ದಾನೆ. ಶಾಮಿಯಾನ, ಬ್ಯಾಂಡು, ಬೀಗರ ಕಡೆಯವರಿಗೆಲ್ಲ ಬಟ್ಟೆ, ಬೆಳ್ಳಿಯ ಸಾಮಾನು, ಐದು ಬಗೆಯ ಸಿಹಿ. ಒಂದೊಂದರ ಮುಂದೆಯೂ ‘ಅಗತ್ಯ’ ಎಂದು ಗುರುತು ಹಾಕಿದ್ದಾನೆ. ಮೊತ್ತ ಕೈಮೀರಿದೆ. ಕೆರೆಯ ಕೆಳಗಿನ ಎರಡು ಎಕರೆ ಗದ್ದೆಯನ್ನು ಅಡವಿಡುವುದೆಂದು ನಿಶ್ಚಯಿಸಿದ್ದಾನೆ. ಪಕ್ಕದಲ್ಲಿ ಅವನ ತಾಯಿ ವಿಭೂತಿಯ ಗಟ್ಟಿಗಳನ್ನು ಒಣಗಿಸಲು ಹರಡುತ್ತಿದ್ದಾಳೆ.

ಆಗ ಹೊಲದ ಕೆಲಸಕ್ಕೆ ಬರುವ ಆಳೊಬ್ಬನು ಬಂದು ಕಟ್ಟೆಯ ಕೆಳಗೆ ನಿಂತನು. ‘ಯಜಮಾನರೇ, ಕೂಸಿಗೆ ಮೂರು ದಿನದಿಂದ ಜ್ವರ. ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು. ನಾಲ್ಕು ಮನೆ ಕೇಳಿ ಬಂದೆ. ಬೇರೆ ದಾರಿ ಕಾಣದು’ ಎಂದನು.

ಗೃಹಸ್ಥನು ಪಟ್ಟಿಯಿಂದ ತಲೆಯೆತ್ತದೆ, ‘ಈಗ ನಮಗೇ ಹಣದ ಅಗತ್ಯ ಬಹಳ ಇದೆಯಪ್ಪಾ, ಮದುವೆ ಮುಗಿಯಲಿ, ನೋಡೋಣ’ ಎಂದನು. ಆಳು ಮರುಮಾತಾಡದೆ ತಿರುಗಿ ನಡೆದನು.

ತಾಯಿ ಕೈತೊಳೆದುಕೊಂಡು ಬಂದು, ‘ತಮ್ಮಾ, ಆ ಪಟ್ಟಿಯನ್ನು ಒಮ್ಮೆ ಓದು’ ಎಂದಳು. ಅವನು ಓದಿದನು. ಒಂದೊಂದಕ್ಕೂ ಅವಳು ಒಂದೇ ಪ್ರಶ್ನೆ ಕೇಳಿದಳು: ‘ಇದಿಲ್ಲದಿದ್ದರೆ ಮದುವೆ ನಿಲ್ಲುವುದೇ?’ ಶಾಮಿಯಾನಕ್ಕೆ ನಿಲ್ಲದು. ಅಂಗಳದಲ್ಲಿ ಚಪ್ಪರ ಹಾಕಬಹುದು. ಬ್ಯಾಂಡಿಗೆ ನಿಲ್ಲದು. ಬೆಳ್ಳಿಗೆ ನಿಲ್ಲದು. ಕೊನೆಗೆ ಉಳಿದವು ಗುರುಪೂಜೆ, ವಿಭೂತಿ ರುದ್ರಾಕ್ಷಿ, ತಾಳಿ, ವಧೂವರರ ಬಟ್ಟೆ, ಬಂದವರಿಗೆ ಪ್ರಸಾದ.

‘ಹಾಗಾದರೆ ಉಳಿದುದೆಲ್ಲ ಬೇಡವೇ ಅವ್ವಾ? ನಾಲ್ಕು ಜನರ ಮುಂದೆ ಮಗಳಿಗೆ ಮಾಡುವ ಆಸೆ ನನಗಿಲ್ಲವೇ?’ ಎಂದು ಅವನು ನೊಂದು ಕೇಳಿದನು.

‘ಬೇಡವೆಂದು ಯಾರೆಂದರು? ನನಗೂ ಆಸೆಯಿದೆ. ಬೇಕಾದುದರ ಮುಂದೆ ಬೇಕು ಎಂದೇ ಬರೆ. ಕೈಲಾದಷ್ಟು ಮಾಡು, ಗದ್ದೆ ಅಡವಿಟ್ಟು ಮಾಡಬೇಡ. ಅಗತ್ಯವೆಂದು ನೀನು ಹತ್ತು ಕಡೆ ಬರೆದಿದ್ದೀ. ಅವನ ಬಾಯಲ್ಲಿ ಆ ಮಾತೇ ಬರಲಿಲ್ಲ. ದಾರಿ ಕಾಣದು ಎಂದಷ್ಟೇ ಅಂದನು’ ಎಂದಳು ತಾಯಿ.

ಮಗನು ಪಟ್ಟಿಯನ್ನು ಅಲ್ಲಿಯೇ ಇಟ್ಟು, ಪೆಟ್ಟಿಗೆಯಿಂದ ಹಣ ತೆಗೆದುಕೊಂಡು, ಆಳು ಹೋದ ದಾರಿಯಲ್ಲಿ ಬೇಗ ಬೇಗನೆ ನಡೆದನು.

ಆ ತಾಯಿಗೆ ವ್ಯಾಕರಣ ತಿಳಿಯದು. ಆ ಆಳಿಗೆ ಸಂಸ್ಕೃತದ ಒಂದಕ್ಷರವೂ ತಿಳಿಯದು. ಆದರೂ ‘ಬೇರೆ ದಾರಿ ಕಾಣದು’ ಎಂಬ ಅವನ ಮಾತು ‘ಅಗತ್ಯ’ ಶಬ್ದದ ಅಕ್ಷರಶಃ ಅರ್ಥ. ಪದವನ್ನು ಬಳಸಿದವನ ಬಳಿ ಅದರ ಅರ್ಥವಿರಲಿಲ್ಲ. ಅರ್ಥವನ್ನು ಹೊತ್ತು ಬಂದವನ ಬಳಿ ಪದವಿರಲಿಲ್ಲ. ಪದ ಸವೆದರೆ ಆಗುವ ಹಾನಿ ಇದು.

ಈ ಪ್ರಸಂಗದಿಂದ ಮೂರು ಪ್ರಶ್ನೆಗಳನ್ನು ಸಂಗ್ರಹಿಸಬಹುದು. ‘ಅಗತ್ಯ’ವೆಂದು ನುಡಿಯುವ ಮೊದಲು ಭಕ್ತನು ಇವನ್ನು ತನ್ನನ್ನೇ ಕೇಳಿಕೊಳ್ಳಲಿ. ಇದಕ್ಕೆ ಬೇರೊಂದು ದಾರಿ ನಿಜವಾಗಿಯೂ ಇಲ್ಲವೇ? ದಾರಿಯಿಲ್ಲದೆ ನಿಂತಿರುವವನು ಯಾರು? ತಾನು ಇದನ್ನು ಪಡೆದುಕೊಂಡರೆ ಮತ್ತೊಬ್ಬನ ದಾರಿ ಮುಚ್ಚುವುದೇ? ಮೂರಕ್ಕೂ ಸಮಾಧಾನ ದೊರೆತಲ್ಲಿ ಸಂಕೋಚವಿಲ್ಲದೆ ‘ಅಗತ್ಯ’ವೆನ್ನಲಿ, ಕೇಳಲು ನಾಚಬೇಕಾದುದಿಲ್ಲ. ದೊರೆಯದಿದ್ದಲ್ಲಿ ‘ಬೇಕು’ ಎನ್ನಲಿ. ಅದೂ ಪ್ರಾಮಾಣಿಕವಾದ ಮಾತೇ. ಬಯಕೆಯನ್ನು ಬಯಕೆಯೆಂದು ಕರೆದವನು ಸುಳ್ಳಾಡಿದಂತಾಗುವುದಿಲ್ಲ. ಗತಿಯಿಲ್ಲದವನ ಪದವನ್ನು ಗತಿಯುಳ್ಳವನು ಕಸಿದುಕೊಳ್ಳುವುದರಲ್ಲಿ ಮಾತ್ರ ದೋಷವಿದೆ.

ಒಂದು ಮಾತನ್ನು ಇಲ್ಲಿ ಮರೆಯಬಾರದು. ಈ ಪರೀಕ್ಷೆ ತನ್ನ ನಾಲಗೆಗೆ, ಪರರ ಹೊಟ್ಟೆಗಲ್ಲ. ಬಾಗಿಲಿಗೆ ಬಂದವನನ್ನು ನಿಲ್ಲಿಸಿ, ‘ನಿನಗೆ ನಿಜವಾಗಿಯೂ ಗತಿಯಿಲ್ಲವೇ?’ ಎಂದು ತೂಗಿನೋಡುವುದು ಶರಣಧರ್ಮವಲ್ಲ.

ಗತಿಯಾಗುವುದು

‘ಅಗತ್ಯ’ವನ್ನು ತನ್ನ ಪಾಲಿಗೆ ಕಿರಿ

ದು ಮಾಡಿಕೊಳ್ಳುವುದರಲ್ಲಿಯೇ ಪಾಠ ಮುಗಿಯುವುದಿಲ್ಲ. ಹಾಗೆ ಮುಗಿದರೆ ಅದು ಬರಿಯ ಮಿತವ್ಯಯವಾದೀತು. ದಾರಿಯಿಲ್ಲದವನಿಗೆ ದಾರಿಯಾಗುವುದು ಅದರ ಎರಡನೆಯ ಭಾಗ. ಶರಣರು ಅದನ್ನು ದಾಸೋಹವೆಂದರು. ಕಾಗೆ ಒಂದು ಅಗುಳನ್ನು ಕಂಡರೂ ತನ್ನ ಬಳಗವನ್ನು ಕರೆಯುವುದನ್ನು ತೋರಿಸಿ, ಅಷ್ಟನ್ನೂ ಮಾಡದ ಭಕ್ತನು ಅದಕ್ಕಿಂತ ಕಡೆಯೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಕಾಗೆ ಕರೆಯುವ ಮೊದಲು ಬಳಗದ ಅರ್ಹತೆಯನ್ನು ಎಣಿಸುವುದಿಲ್ಲ.

ಈ ಧರ್ಮ ಪುರಾತನರ ಕಾಲಕ್ಕೇ ನಿಂತುದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದುದನ್ನು ನಾಡೆಲ್ಲ ಬಲ್ಲುದು. ಮನೆಯಲ್ಲಿ ಓದಿಸುವ ಗತಿಯಿಲ್ಲದ ಮಕ್ಕಳಿಗೆ ಅಲ್ಲೊಂದು ಗತಿಯಾಯಿತು.

ಗತಿಯಿಲ್ಲದೆ ನಿಲ್ಲುವವರು ಮನುಷ್ಯರೇ ಆಗಬೇಕೆಂದಿಲ್ಲ. ಶತಮಾನಗಳ ಕಾಲ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ, ಮನೆಮನೆಯ ಜಗಲಿಯ ಮೇಲೆ, ಹುಳು ಹಿಡಿದು ಕುಳಿತಿದ್ದುವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಅವನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮುಂದೆ ಮುದ್ರಣಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಂಸಾರಿಗೆ ವಾಸದ ಮನೆ ಅಗತ್ಯವೆಂದು ಯಾರಾದರೂ ಒಪ್ಪುವರು. ಆದರೆ ಬಾಡಿಗೆಯ ಮನೆಯೆಂಬ ಬೇರೊಂದು ದಾರಿ ತಮಗಿದೆ, ಆ ಗರಿಗಳಿಗೆ ಬೇರೊಂದು ದಾರಿಯಿಲ್ಲ ಎಂಬಂತೆ ಅವರು ನಡೆದುಕೊಂಡರು. ಇಂದು ಭಕ್ತರ ಮನೆಯಲ್ಲಿ ವಚನಗಳ ಪುಸ್ತಕವಿದ್ದರೆ ಅದರ ಹಿಂದೆ ಆ ಮಾರಿದ ಮನೆಯೂ ಇದೆ.

ದಾಸೋಹವೆಂಬ ಪದದಲ್ಲಿಯೇ ‘ನಾನು ದಾಸನು’ ಎಂಬ ಅರ್ಥವಿದೆ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವಕ್ಕೆ ಇಲ್ಲಿ ಎಡೆಯಿಲ್ಲ. ಏಕೆಂದರೆ ಕೊಡುವವನೂ ಒಂದು ಅರ್ಥದಲ್ಲಿ ಅಗತಿಯೇ. ಲಿಂಗವಲ್ಲದೆ ತನಗೆ ಬೇರೆ ಗತಿಯಿಲ್ಲವೆಂದು ನಂಬಿದವನು ಭಕ್ತ. ಆ ಲಿಂಗದ ಬಳಿಗೆ ಹೋಗುವ ದಾರಿ ಜಂಗಮಸೇವೆಯ ಮೂಲಕ, ಹಸಿದು ಬಂದವರ ಸೇವೆಯ ಮೂಲಕ ಇದೆ. ಹಾಗಿರುವಾಗ ಬಾಗಿಲಲ್ಲಿ ನಿಂತವನಿಗೆ ಮನೆಯವನು ಗತಿಯಾಗುವಂತೆ, ಮನೆಯವನಿಗೂ ಬಾಗಿಲಲ್ಲಿ ನಿಂತವನು ಗತಿಯಾಗುವನು. ಒಬ್ಬನಿಗೆ ಅನ್ನದ ದಾರಿ ತೆರೆಯುವುದು. ಇನ್ನೊಬ್ಬನಿಗೆ ಶಿವಪಥ ತೆರೆಯುವುದು.

‘ಅಗತ್ಯ’ವೆಂಬ ಪದದ ಮುಂದಿರುವ ‘ಅ’ಕಾರ ಇಲ್ಲವೆನ್ನುವ ಅಕ್ಷರ. ಆ ಅಕ್ಷರವನ್ನು ಅಳಿಸಿದರೆ ಉಳಿಯುವುದು ‘ಗತಿ’. ಗೃಹಸ್ಥನಾದ ಭಕ್ತನು ತನ್ನ ಕಾಯಕದ ಫಲದಿಂದ ದಿನಕ್ಕೊಮ್ಮೆಯಾದರೂ ಯಾರೊಬ್ಬರ ಬಾಳಿನಲ್ಲಾದರೂ ಆ ಒಂದು ಅಕ್ಷರವನ್ನು ಅಳಿಸಿದನಾದರೆ, ಈ ಪದದ ಅರ್ಥವನ್ನು ಅವನು ತಿಳಿದಂತೆಯೇ ಸರಿ.

ಮನನಕ್ಕೆ

1. ‘ಬೇಕು’, ‘ಜರೂರು’, ‘ಆವಶ್ಯಕ’, ‘ಅಗತ್ಯ’ ಇವುಗಳ ಮೂಲಾರ್ಥಗಳಲ್ಲಿರುವ ಭೇದವೇನು?

2. ದಾಸೋಹಕ್ಕೆಂದೇ ತಂದ ಅಕ್ಕಿಯನ್ನು ಲಕ್ಕಮ್ಮನವರು ಮರಳಿಸಿದುದು ಏಕೆ?

3. ಕಳೆದ ಒಂದು ತಿಂಗಳ ಮನೆಯ ಖರ್ಚಿನಲ್ಲಿ ‘ಅಗತ್ಯ’ವೆಂದು ಬರೆದವುಗಳಲ್ಲಿ, ‘ಬೇಕು’ ಎಂದು ತಿದ್ದಬೇಕಾದವು ಎಷ್ಟು?